ತಂತಿಯಿಲ್ಲದ ಜಾಲಕ್ಕೂ ಬಾಗಿಲುಂಟು

ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ದೂರದ ಬಂಧುಗಳೊಡನೆ ಮಾತು — ಇವೆಲ್ಲವೂ ಇಂದು ಮನೆಯ ವೈ-ಫೈ ಪೆಟ್ಟಿಗೆಯ ಮೂಲಕ ನಡೆಯುತ್ತಿವೆ. ಆದರೆ ಅದರ ಅಲೆಗಳು ನಮ್ಮ ಗೋಡೆಯೊಳಗೇ ನಿಲ್ಲುವುವೆ?

ನಿಲ್ಲವು. ಪೆಟ್ಟಿಗೆಯ ಮೇಲೆ ನೆಟ್ಟಗೆ ನಿಂತ ಕಡ್ಡಿಯೇ ಆಂಟೆನಾ. ಅದು ಅಲೆಗಳನ್ನು ನಾಲ್ಕೂ ದಿಕ್ಕಿಗೆ ಸಮನಾಗಿ ಹರಡುತ್ತದೆ. ಗೋಡೆ ಅವುಗಳನ್ನು ಕುಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯದು. ಪೆಟ್ಟಿಗೆಯನ್ನು ಬೀದಿಯ ಕಿಟಕಿಯಿಂದ ನಡುಮನೆಗೆ ಸರಿಸಿದರೆ ಹೊರಗೆ ಸೋರುವುದು ತಗ್ಗೀತು. ಆದರೂ ಒಂದೇ ದಿಕ್ಕಿಗೆ ಮುಖಮಾಡುವ ಆಂಟೆನಾ ಉಳ್ಳವನು ದೂರದಿಂದಲೂ ಅವನ್ನು ಹಿಡಿಯಬಲ್ಲನು. ಆದಕಾರಣ ನಿಜವಾದ ಕಾವಲು ಗುಪ್ತಪದದ್ದೇ.

ಬೀಗವಿಲ್ಲದಿದ್ದರೆ ಏನಾದೀತು? 2008ರ ಜುಲೈ 26ರಂದು ಅಹಮದಾಬಾದಿನ ಸ್ಫೋಟಗಳಿಗೆ ತುಸು ಮುನ್ನ ಬಂದ ಬೆದರಿಕೆಯ ಇ-ಮೇಲ್, ನವಿ ಮುಂಬಯಿಯ ಒಂದು ಮನೆಯ ತೆರೆದ ವೈ-ಫೈ ಮೂಲಕ ಹೋಗಿತ್ತು. ಏನೂ ಅರಿಯದ ಮನೆಯವರು ಪೊಲೀಸರ ವಿಚಾರಣೆಗೆ ಗುರಿಯಾದರು.

ಬೀಗಗಳಲ್ಲಿಯೂ ತರತಮವುಂಟು. ಮೊದಲು ಬಂದ ‘ವೆಪ್’ ದುರ್ಬಲವೆಂದು 2001ರಲ್ಲಿಯೇ ವಿದ್ವಾಂಸರು ತೋರಿಸಿಕೊಟ್ಟರು. 2004ರ ‘ಡಬ್ಲ್ಯುಪಿಎ-2’ ಅಥವಾ 2018ರ ‘ಡಬ್ಲ್ಯುಪಿಎ-3’ ಆಯ್ದುಕೊಳ್ಳುವುದು ಲೇಸು. ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಬದಲಿಸಿ, ಹೆಸರು, ಹುಟ್ಟಿದ ದಿನಗಳನ್ನು ಬಿಟ್ಟು, ಉದ್ದವಾದುದನ್ನು ಇಡಬೇಕು. ಅತಿಥಿಗಳಿಗೆ ಪ್ರತ್ಯೇಕ ಜಾಲವನ್ನು ತೆರೆಯಬಹುದು.

ಹಂಚಿಕೊಂಡು ಬಾಳುವ ನಮಗೆ ಬೀಗವೇಕೆ ಎಂದು ಕೆಲವರು ಕೇಳಿಯಾರು. ಬಂದವರನ್ನು ಅರಿತು ಆದರಿಸುವುದು ದಾಸೋಹ. ಬಾಗಿಲು ತೆರೆದಿಟ್ಟು ಮಲಗುವುದು ಮೈಮರೆವು.