ಎಂಜಿನ್ ರೂಮಿನ ವಿದ್ಯೆ

ಪಣಂಬೂರಿನ ಕಡಲತೀರದಲ್ಲಿ ನಿಂತರೆ ನವಮಂಗಳೂರು ಬಂದರಿನತ್ತ ಸಾಗುವ ತೈಲ ಹಡಗುಗಳು ಕಾಣಸಿಗುತ್ತವೆ. ನೋಡುವವರ ಕಣ್ಣು ಹೋಗುವುದು ಕ್ಯಾಪ್ಟನ್ ನಿಲ್ಲುವ ಎತ್ತರದ ಬ್ರಿಜ್ ಕಡೆಗೆ. ಅದರ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ನಲವತ್ತು ಡಿಗ್ರಿ ಸೆಕೆಯಲ್ಲಿ ಕಿವಿಗೆ ಮಫ್ ಹಾಕಿಕೊಂಡು ದುಡಿಯುವ ಮರೈನ್ ಎಂಜಿನಿಯರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎನ್ನುವ ಮಾತಿದೆ. ಅಲ್ಲಿ ಏನು ಮಾಡುತ್ತಾನೆಂದು ಕೇಳಿದರೆ ಮಾತು ಸಂಬಳದ ಹತ್ತಿರವೇ ನಿಂತುಬಿಡುತ್ತದೆ. ನನಗೆ ಸಂಬಳಕ್ಕಿಂತ ಆ ಕೆಲಸವೇ ಹೆಚ್ಚು ಸ್ವಾರಸ್ಯದ್ದಾಗಿ ಕಾಣುತ್ತದೆ.

ದೊಡ್ಡ ಸರಕು ಹಡಗಿನ ಮುಖ್ಯ ಎಂಜಿನ್ ಎಂದರೆ ಮೂರ್ನಾಲ್ಕು ಮಹಡಿ ಎತ್ತರದ ಯಂತ್ರ. 2006ರಲ್ಲಿ ಕೆಲಸಕ್ಕಿಳಿದ ಎಮ್ಮಾ ಮಾರ್ಸ್ಕ್ ಎಂಬ ಕಂಟೇನರ್ ಹಡಗಿನ ಎಂಜಿನ್ನಿಗೆ 14 ಸಿಲಿಂಡರುಗಳು. ಒಂದೊಂದರ ವ್ಯಾಸ 96 ಸೆಂಟಿಮೀಟರ್. ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ ಎರಡೂವರೆ ಮೀಟರ್. ಒಟ್ಟು ತೂಕ ಸುಮಾರು 2,300 ಟನ್. ತಿರುಗುವ ವೇಗ ಮಾತ್ರ ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು. ಸಾಮಾನ್ಯವಾಗಿ ಇಂಥ ಎಂಜಿನ್ನಿಗೆ ಗೇರ್‌ಬಾಕ್ಸ್ ಇರುವುದಿಲ್ಲ, ಶಾಫ್ಟ್ ನೇರ ಪ್ರೊಪೆಲ್ಲರಿಗೆ ಹೋಗುತ್ತದೆ. ಹಡಗು ಹಿಂದಕ್ಕೆ ಚಲಿಸಬೇಕಾದರೆ ಎಂಜಿನನ್ನೇ ನಿಲ್ಲಿಸಿ, 30 ಬಾರ್ ಒತ್ತಡದ ಗಾಳಿ ಕೊಟ್ಟು, ವಿರುದ್ಧ ದಿಕ್ಕಿನಲ್ಲಿ ಮತ್ತೆ ಸ್ಟಾರ್ಟ್ ಮಾಡಬೇಕು.

ಇದಕ್ಕೆ ಹಾಕುವ ಎಣ್ಣೆಯದೇ ಒಂದು ಕಥೆ. ರಿಫೈನರಿಯಲ್ಲಿ ಪೆಟ್ರೋಲು, ಡೀಸೆಲ್ಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಗಸಿಯೇ ಬಹಳಷ್ಟು ಹಡಗುಗಳ ಇಂಧನ. ತಣ್ಣಗಿದ್ದಾಗ ಅದು ಪಂಪಿಗೇ ಬಗ್ಗುವುದಿಲ್ಲ. ಟ್ಯಾಂಕಿನಲ್ಲೇ ಬೆಚ್ಚಗೆ ಮಾಡಿ, ನೀರು ಕೆಸರು ತಳಕ್ಕಿಳಿಯಲು ಬಿಟ್ಟು, ಆಮೇಲೆ ಪ್ಯೂರಿಫೈಯರ್ ಎಂಬ ಯಂತ್ರಕ್ಕೆ ಕೊಡುತ್ತಾರೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅದರ ಬೌಲಿನಲ್ಲಿ ಭಾರದ ನೀರು, ಕಸ ಹೊರಕ್ಕೆ ಸರಿದು ಶುದ್ಧ ಎಣ್ಣೆ ಒಳಗಡೆ ಉಳಿಯುತ್ತದೆ. ಈ ಹಂತದಲ್ಲಿ ಎಣ್ಣೆಯ ಉಷ್ಣತೆ 98 ಡಿಗ್ರಿ ಇರಬೇಕು. ಬಿಸಿ ಹೆಚ್ಚಿದಷ್ಟೂ ಎಣ್ಣೆ ತೆಳುವಾಗಿ ಕಸ ಸುಲಭವಾಗಿ ಬೇರ್ಪಡುತ್ತದೆ. ಆದರೆ 100 ದಾಟಿದರೆ ಬೌಲಿನ ಅಂಚಿನಲ್ಲಿ ಎಣ್ಣೆಯನ್ನು ತಡೆದು ನಿಲ್ಲಿಸಿದ ನೀರಿನ ಪದರವೇ ಆವಿಯಾಗಿ, ಎಣ್ಣೆಯೆಲ್ಲ ಕಸದ ಟ್ಯಾಂಕಿಗೆ ಹೋಗುತ್ತದೆ. ಆ ಎರಡು ಡಿಗ್ರಿಯ ಅಂತರ ಕಾಯುವುದು ಫೋರ್ತ್ ಎಂಜಿನಿಯರನ ಹೊಣೆ. ನಮ್ಮ ಹಡಗಿನವರ ಬಾಯಲ್ಲಿ ಆತ ‘ಚಾರ್ ಸಾಬ್’. ಜನರೇಟರುಗಳು ‘ತೀನ್ ಸಾಬ್’ ವಶ, ಮುಖ್ಯ ಎಂಜಿನ್ ಸೆಕೆಂಡ್ ಎಂಜಿನಿಯರನದು, ಎಲ್ಲಕ್ಕೂ ಮೇಲೆ ‘ಬಡಾ ಸಾಬ್’, ಅಂದರೆ ಚೀಫ್.

ಈ ವಿದ್ಯೆಯ ನಿಜವಾದ ಸೊಗಸು ಇರುವುದು ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯುವುದರಲ್ಲಿ. ಹಡಗು ಬಂದರಿನಲ್ಲಿ ನಿಂತಾಗ ಸೆಕೆಂಡ್ ಎಂಜಿನಿಯರ್ ಸಿಲಿಂಡರಿನ ಬುಡದ ಮಸಿಗಟ್ಟಿದ ಜಾಗಕ್ಕೆ ಟಾರ್ಚ್ ಹಿಡಿದು ತೂರುತ್ತಾನೆ. ಹೊರಗಿನವನು ಟರ್ನಿಂಗ್ ಗೇರಿನಿಂದ ಎಂಜಿನನ್ನು ಇಷ್ಟಿಷ್ಟೇ ತಿರುಗಿಸುತ್ತಾನೆ. ಗಾಳಿ ನುಗ್ಗುವ ಕಿಂಡಿಗಳ ಎದುರಿಗೆ ಪಿಸ್ಟನ್ನಿನ ರಿಂಗುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಮರದ ಕಡ್ಡಿಯಿಂದ ರಿಂಗನ್ನು ಒತ್ತಿ ಬಿಟ್ಟಾಗ ಪುಟಿದು ಬಂದರೆ ಅದಕ್ಕೆ ಜೀವವಿದೆ. ಬರದಿದ್ದರೆ ಮಸಿ ಕಟ್ಟಿ ಸಿಕ್ಕಿಕೊಂಡಿದೆ, ಇಲ್ಲವೇ ಮುರಿದಿದೆ. ರಿಂಗಿನ ಮೈ ಎಣ್ಣೆಯಲ್ಲಿ ಮಿರುಗುತ್ತಿದ್ದರೆ ಸರಿ; ಒಣಗಿ ಕಪ್ಪಾಗಿದ್ದರೆ ಉರಿದ ಅನಿಲ ಪಕ್ಕದಿಂದ ಸೋರುತ್ತಿದೆ. ಸಿಲಿಂಡರಿನ ಒಳಗೋಡೆಯಾದ ಲೈನರಿನ ಮೇಲೆ ನೇರ ಗೀರುಗಳಿದ್ದರೆ ಎಣ್ಣೆಯೊಂದಿಗೆ ಬಂದ ಗಟ್ಟಿ ಕಣಗಳ ಮೇಲೆ ಅನುಮಾನ, ಅಲ್ಲಿಂದ ಚಾರ್ ಸಾಬ್‌ನ ಪ್ಯೂರಿಫೈಯರಿನ ವಿಚಾರಣೆ. ಕಂಪ್ಯೂಟರಿನ ತೆರೆ ಎಷ್ಟೇ ಅಂಕಿ ಕೊಟ್ಟರೂ ಈ ಮರದ ಕಡ್ಡಿಯನ್ನು ಯಾರೂ ಕೈಬಿಟ್ಟಿಲ್ಲ.

ಹೊಸದಾಗಿ ಬಂದ ಹುಡುಗನಿಗೆ ಮೊದಲು ಕೊಡುವ ಕೆಲಸ ಲೈನ್ ಟ್ರೇಸಿಂಗ್. ನೆಲದ ತಗಡುಗಳನ್ನೆತ್ತಿ ಕೆಳಗೆ ತೆವಳಿ, ಒಂದು ಪೈಪು ಎಲ್ಲಿಂದ ಹೊರಟು ಯಾವ ವಾಲ್ವ್ ದಾಟಿ ಎಲ್ಲಿಗೆ ಸೇರುತ್ತದೆಂದು ಕಣ್ಣಾರೆ ಕಂಡು, ಕೈಯಿಂದ ಚಿತ್ರ ಬರೆಯಬೇಕು. ಹಡಗಿನ ನಕ್ಷೆ ನೋಡಿ ನಕಲು ಮಾಡಿದರೆ ಸೆಕೆಂಡ್ ಎಂಜಿನಿಯರಿಗೆ ಗೊತ್ತಾಗದೆ ಇರುವುದಿಲ್ಲ. ವಿದ್ಯುತ್ ಹೋಗಿ ಕತ್ತಲಾದಾಗ ನೆರವಿಗೆ ಬರುವುದು ಈ ತೆವಳಾಟವೇ. ತುರ್ತು ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ವಿದ್ಯುತ್ ಕೊಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಕಿರಿದಾದ ಬಂದರಿನಲ್ಲಿ ಅಷ್ಟು ಹೊತ್ತೂ ದೊಡ್ಡದೇ. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರಿನಲ್ಲಿ ಡಾಲಿ ಎಂಬ ಹಡಗಿನ ವಿದ್ಯುತ್ ಹೋಗಿ, ಅದು ಸೇತುವೆಗೆ ಬಡಿದು 6 ಕಾರ್ಮಿಕರು ಸತ್ತರು. ಮೊದಲ ಕತ್ತಲಿಗೆ ಸಡಿಲವಾಗಿದ್ದ ಒಂದು ತಂತಿ ಕಾರಣವೆಂದು ತನಿಖೆ ಹೇಳಿತು. ಗುರುತಿಗೆಂದು ತಂತಿಗೆ ಹಾಕಿದ್ದ ಪಟ್ಟಿ ಅದನ್ನು ಪೂರ್ತಿ ಒಳಸೇರಲು ಬಿಟ್ಟಿರಲಿಲ್ಲ.

ಈ ದಾರಿ ಹಿಡಿಯುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಟೆಕ್. ಸೇರಬಹುದು. ಮೆಕ್ಯಾನಿಕಲ್ ಪದವೀಧರರಿಗೆ ಒಂದು ವರ್ಷದ ಕೋರ್ಸ್ ಇದೆ. ಬಣ್ಣಗುರುಡು ಇರಬಾರದು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಸೋನಾಲಿ ಬ್ಯಾನರ್ಜಿ ಕೋಲ್ಕತ್ತದಲ್ಲಿ ಓದಿ 1999ರಲ್ಲಿ ದೇಶದ ಮೊದಲ ಮಹಿಳಾ ಮರೈನ್ ಎಂಜಿನಿಯರ್ ಆದರು. ತಿಂಗಳುಗಟ್ಟಲೆ ಮನೆಯಿಂದ ದೂರವಿರುವುದು ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಕ್ಲಾಸ್ ಫೋರ್, ಟೂ, ವನ್ ಎಂಬ ಅರ್ಹತಾ ಪತ್ರಗಳಲ್ಲಿ ಮೇಲೇರಲು ಪ್ರತಿ ಸಲವೂ ಕಡಲ ಸೇವೆ ಬೇಕು, ಲಿಖಿತ ಪರೀಕ್ಷೆ ಬೇಕು, ಎಲ್ಲರೂ ಹೆದರುವ ಓರಲ್ಸ್ ಎಂಬ ಮೌಖಿಕ ಪರೀಕ್ಷೆ ಬೇಕು. ಅಲ್ಲಿ ಬರುವ ಒಂದು ಹಳೆಯ ಪ್ರಶ್ನೆ: ಕ್ರ್ಯಾಂಕ್‌ಕೇಸಿನಲ್ಲಿ, ಅಂದರೆ ಎಂಜಿನ್ನಿನ ತಳದ ಮುಚ್ಚಿದ ಪೆಟ್ಟಿಗೆಯಲ್ಲಿ, ಎಣ್ಣೆಯ ಮಂಜು ಕಟ್ಟಿದೆಯೆಂದು ಅಲಾರಂ ಹೊಡೆದರೆ ಏನು ಮಾಡುತ್ತೀರಿ? ಬಿಸಿಯೇರಿದ ಭಾಗ ಹುಡುಕಲು ಬಾಗಿಲು ತೆಗೆಯುತ್ತೇನೆ ಎಂದವನು ಫೇಲು. ಬಿಸಿ ಮಂಜಿಗೆ ಹೊರಗಿನ ಗಾಳಿ ಸೇರಿದರೆ ಸ್ಫೋಟವಾಗಬಹುದು. 1947ರಲ್ಲಿ ರೀನಾ ಡೆಲ್ ಪೆಸಿಫಿಕೊ ಹಡಗಿನ ಕ್ರ್ಯಾಂಕ್‌ಕೇಸ್ ಸ್ಫೋಟದಲ್ಲಿ 28 ಮಂದಿ ಸತ್ತಿದ್ದರು. ಸರಿಯುತ್ತರ ಹೀಗೆ: ವೇಗ ಇಳಿಸಬೇಕು, ಬ್ರಿಜ್‌ಗೆ ತಿಳಿಸಬೇಕು, ಸ್ಫೋಟದ ಒತ್ತಡ ಹೊರಬಿಡುವ ಕವಾಟಗಳ ಎದುರಿನಿಂದ ಜನರನ್ನು ಸರಿಸಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಎಣ್ಣೆಯ ಪಂಪನ್ನು ಓಡಿಸುತ್ತಲೇ, ಒಳಗಿನ ಬಿಸಿ ಆರುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಬಾಗಿಲಿಗೆ ಸ್ಪ್ಯಾನರ್ ಹಾಕುವುದು ಅದಾದ ಮೇಲೆ.