ಕ್ಷಯವೋ, ಕ್ಷಯದ ಸೋಗೋ?

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಂತಹ ಊರಿನಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಒಣಕೆಮ್ಮು ಬಿಡದೆ ಮೈ ಇಳಿಯುತ್ತ ಬಂದರೆ, ಮನೆಯವರ ನಾಲಿಗೆಗೆ ಮೊದಲು ಬರುವ ಹೆಸರು ಕ್ಷಯ. ಆ ಶಂಕೆ ತಪ್ಪಲ್ಲ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರನ್ನು ಬಲಿ ತೆಗೆದುಕೊಂಡು, ಮೈಸೂರಿನಲ್ಲಿ ಅವರ ಹೆಸರಿನ ಆರೋಗ್ಯಧಾಮಕ್ಕೆ ಕಾರಣವಾದ ರೋಗವದು. ಆದರೆ ಕ್ಷಯದ ಸೋಗು ಹಾಕಿ ಬರುವ ಇನ್ನೊಂದು ವ್ಯಾಧಿಯುಂಟು, ಅದೇ ಸಾರ್ಕಾಯಿಡೋಸಿಸ್.

ಲಂಡನ್ನಿನ ಜೊನಾಥನ್ ಹಚಿನ್‌ಸನ್ 1877ರಲ್ಲಿ ಇದರ ಚರ್ಮಲಕ್ಷಣಗಳನ್ನು ವರ್ಣಿಸಿದರು. 1899ರಲ್ಲಿ ನಾರ್ವೆಯ ಸೀಸರ್ ಬೆಕ್ ಈ ಹೆಸರಿಗೆ ಮೂಲವಾದ ಪದವನ್ನು ಬಳಸಿದರು. ಇದು ಅಂಟುಜಾಡ್ಯವಲ್ಲ, ನಿಜವಾದ ಕಾರಣವೂ ಇನ್ನೂ ಪೂರ್ಣವಾಗಿ ತಿಳಿದಿಲ್ಲ. ದೇಹದ ರಕ್ಷಕಕಣಗಳೇ ಶ್ವಾಸಕೋಶದಲ್ಲಿ ಗುಂಪುಗೂಡಿ ಸಣ್ಣ ಗಂಟುಗಳಾಗುತ್ತವೆ. ಕ್ಷಯದಲ್ಲಿಯೂ ಗಂಟುಗಳುಂಟು; ಅವುಗಳ ನಡುಭಾಗ ಸತ್ತು ಗಿಣ್ಣಿನಂತಾಗುವುದು, ಸಾರ್ಕಾಯಿಡೋಸಿಸ್‌ನಲ್ಲಿ ಸಾಮಾನ್ಯವಾಗಿ ಹಾಗಾಗದು. ಈ ಭೇದವೂ ಎಲ್ಲ ಸಂದರ್ಭಗಳಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲವೆಂಬುದೇ ವೈದ್ಯರ ತಲೆನೋವು.

ಅನೇಕರಲ್ಲಿ ರೋಗ ತಾನಾಗಿಯೇ ಶಮನವಾಗುತ್ತದೆ. ಉಳಿದವರಿಗೆ ಸ್ಟೀರಾಯ್ಡ್ ಮಾತ್ರೆಯೇ ಮುಖ್ಯ ಆಧಾರ. ಆದರೆ ಗಂಟುಗಳನ್ನು ಕರಗಿಸುವ ಆ ಮಾತ್ರೆಯೇ ದೇಹದ ಕಾವಲನ್ನೂ ಸಡಿಲಿಸಿ, ಅಡಗಿದ್ದ ಕ್ಷಯಕ್ಕೆ ಬಾಗಿಲು ತೆರೆಯಬಹುದು!

ಆದ್ದರಿಂದ, ಸಾರ್ಕಾಯಿಡೋಸಿಸ್ ಎಂದು ನಿರ್ಣಯವಾಗಿ ಚೇತರಿಸಿಕೊಳ್ಳುತ್ತಿದ್ದ ರೋಗಿಗೆ ಮತ್ತೆ ಏದುಸಿರು ಬಂದಾಗ, ‘ಹಳೆಯ ರೋಗ ಮರುಕಳಿಸಿತು, ಮಾತ್ರೆ ಹೆಚ್ಚಿಸಿ’ ಎಂದುಬಿಡುವುದು ಅಪಾಯಕರ. ಮರುಕಳಿಸಿಯೂ ಇರಬಹುದು. ಶ್ವಾಸಕೋಶ ಕಲೆಗಟ್ಟಿ ಗಡುಸಾಗಿದ್ದರೆ ಮಾತ್ರೆ ಹೆಚ್ಚಿಸಿ ಫಲವಿಲ್ಲ. ಹಳೆಯ ಕುಳಿಯಲ್ಲಿ ಬೂಷ್ಟು ಬೆಳೆದು ಕಫದಲ್ಲಿ ರಕ್ತ ಕಾಣಿಸಬಹುದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೇರಿರಬಹುದು. ಹೃದಯಕ್ಕೇ ರೋಗ ತಗುಲಿರಬಹುದು. ಇವೆಲ್ಲಕ್ಕೂ ಮುನ್ನ ಕ್ಷಯವನ್ನು ಹುಡುಕುವುದು ನಮ್ಮ ನಾಡಿನಲ್ಲಿ ಅವಶ್ಯ.

ಕಫದ ಜೀನ್ ಪರೀಕ್ಷೆಯ ಫಲ ಯಂತ್ರದಲ್ಲಿ ಸುಮಾರು 2 ಗಂಟೆಗಳಲ್ಲಿ ದೊರೆಯುತ್ತದೆ. ಸಿ.ಟಿ. ಚಿತ್ರ, ಉಸಿರಿನ ಅಳತೆ, ಹೃದಯದ ಎಕೋ ಪರೀಕ್ಷೆಗಳೂ ಬೇಕಾಗುತ್ತವೆ. ಸಂದೇಹ ತೀರದಿದ್ದರೆ ಶ್ವಾಸನಾಳದೊಳಕ್ಕೆ ನಳಿಕೆ ಇಳಿಸಿ ತುಣುಕು ತೆಗೆಯುತ್ತಾರೆ. ಆದರೂ ಇವುಗಳಷ್ಟೇ ಬೆಲೆಯುಳ್ಳದ್ದು ಟ್ರಂಕಿನ ತಳದಲ್ಲಿ ಬಿದ್ದಿರುವ ಹಳೆಯ ಎಕ್ಸ್‌ರೇ. ನೆರಳು ಹೊಸದೋ ಹಳೆಯದೋ ಎಂಬುದನ್ನು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟಲ್ಲದೆ ಹೇಳಲಾಗದು. ಹಾಸನದ ಆಸ್ಪತ್ರೆಗೆ ಹೊರಡುವವರು ಅದನ್ನು ಮರೆಯದೆ ಒಯ್ಯಬೇಕು.

ಕಫವನ್ನು ಕೃಷಿಮಾಡಿ ನೋಡುವ ಪರೀಕ್ಷೆಗೆ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಹೆದರಿ ಮಾತ್ರೆಯನ್ನು ತಟ್ಟನೆ ನಿಲ್ಲಿಸುವವರೂ ಉಂಟು. ಬಹುಕಾಲ ಸ್ಟೀರಾಯ್ಡ್ ನುಂಗಿದವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು.