ಕಾರಿನ ಬ್ಯಾಟರಿ: ನಿರ್ವಹಣೆ, ಬದಲಾವಣೆ ಮತ್ತು ವಿಲೇವಾರಿ – ವಾಹನ ಮಾಲೀಕರಿಗೆ ಮಾಹಿತಿ

ಕಾರಿನ ಬ್ಯಾಟರಿಯನ್ನು ಬದಲಾಯಿಸುವುದು ಕಷ್ಟದ ಕೆಲಸವಲ್ಲ. ಆದರೆ ಅದರೊಳಗೆ ಚರ್ಮವನ್ನು ಸುಡುವ ಆಮ್ಲವೂ, ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರವಾದ ಸೀಸವೂ ಇರುವುದರಿಂದ ಕ್ರಮ ತಪ್ಪಿದಲ್ಲಿ ಅಪಾಯವು ವಾಹನಕ್ಕಷ್ಟೇ ಸೀಮಿತವಾಗಿರುವುದಿಲ್ಲ. ಆದ್ದರಿಂದ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ 12 ವೋಲ್ಟ್ ಬ್ಯಾಟರಿಯ ಕುರಿತು ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಲಾಗಿದೆ. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳ ಅಧಿಕ ವೋಲ್ಟೇಜಿನ ಬ್ಯಾಟರಿಗಳಿಗೆ ಇದು ಅನ್ವಯಿಸುವುದಿಲ್ಲ. ಅವುಗಳನ್ನು ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಪರೀಕ್ಷಿಸಿಕೊಳ್ಳತಕ್ಕದ್ದು.

1. ಬ್ಯಾಟರಿ ದುರ್ಬಲವಾಗಿರುವ ಲಕ್ಷಣಗಳು

ಬ್ಯಾಟರಿಯು ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳಿಕೆ ಬರುತ್ತದೆ. ಅತಿಯಾದ ಉಷ್ಣತೆಯು ಆಯುಸ್ಸನ್ನು ಕುಗ್ಗಿಸುವುದರಿಂದ ಕಲಬುರಗಿ, ರಾಯಚೂರು, ಬಳ್ಳಾರಿಯಂತಹ ಜಿಲ್ಲೆಗಳ ಮಾಲೀಕರು ಬೇಸಿಗೆಗೆ ಮುನ್ನವೇ ಪರೀಕ್ಷಿಸಿಕೊಳ್ಳುವುದು ಸೂಕ್ತ. ಎಂಜಿನ್ ನಿಧಾನವಾಗಿ ತಿರುಗುವುದು, ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಶಬ್ದ ಮಾತ್ರ ಬರುವುದು, ದೀಪಗಳು ಮಂಕಾಗುವುದು ಇದರ ಲಕ್ಷಣಗಳು.

ವಾಹನವು ಕೆಲವು ಗಂಟೆ ನಿಂತಿದ್ದ ನಂತರ ವೋಲ್ಟ್ ಮೀಟರ್‌ನಿಂದ ಅಳೆದಾಗ:
- 12.6 ವೋಲ್ಟ್ ಅಥವಾ ಹೆಚ್ಚು: ಪೂರ್ಣ ಚಾರ್ಜ್
- 12.2 ವೋಲ್ಟ್: ಸುಮಾರು ಅರ್ಧ ಚಾರ್ಜ್
- 12 ವೋಲ್ಟ್‌ಗಿಂತ ಕಡಿಮೆ: ಬಹುತೇಕ ಖಾಲಿ

ಎಂಜಿನ್ ಚಾಲನೆಯಲ್ಲಿರುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಇರುತ್ತದೆ. ಇದು ಏರದೆ ಇದ್ದಲ್ಲಿ ದೋಷವು ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್‌ನಲ್ಲಿರಬಹುದು. ಇದನ್ನು ಪರೀಕ್ಷಿಸದೆ ಹೊಸ ಬ್ಯಾಟರಿ ಖರೀದಿಸಿದಲ್ಲಿ ಅದೂ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ.

2. ನಿಯತ ನಿರ್ವಹಣೆ

ಅ) ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಲ್ಲಿ ದ್ರವದ ಮಟ್ಟವನ್ನು ಆಗಾಗ್ಗೆ ನೋಡಿ, ಕಡಿಮೆಯಿದ್ದಲ್ಲಿ ಡಿಸ್ಟಿಲ್ಡ್ ವಾಟರ್ ಮಾತ್ರ ಸೇರಿಸತಕ್ಕದ್ದು. ನಲ್ಲಿ ಅಥವಾ ಕೊಳವೆ ಬಾವಿಯ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಹಾಳುಮಾಡುತ್ತವೆ. ಆಮ್ಲವನ್ನು ಎಂದಿಗೂ ಸೇರಿಸಬಾರದು. ಆವಿಯಾಗುವುದು ನೀರೇ ಹೊರತು ಆಮ್ಲವಲ್ಲ.

ಆ) ತಂತಿಗಳನ್ನು ಕಳಚಿದ ನಂತರ, ಟರ್ಮಿನಲ್‌ಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ತೆಳುವಾಗಿ ವ್ಯಾಸಲೀನ್ ಹಚ್ಚುವುದು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಇ) ವಾಹನವನ್ನು ವಾರಗಟ್ಟಲೆ ನಿಲ್ಲಿಸುವುದಾದಲ್ಲಿ ಋಣ ತಂತಿಯನ್ನು ಕಳಚಿಡುವುದು.

3. ಬದಲಾವಣೆಯ ಕ್ರಮ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಒಂದು ಕಿಡಿಯಿಂದಲೂ ಅದು ಸ್ಫೋಟಿಸಬಹುದು. ಆದ್ದರಿಂದ ಗಾಳಿಯಾಡುವ ಸ್ಥಳದಲ್ಲಿ, ಬೀಡಿ-ಸಿಗರೇಟು ಮತ್ತು ಬೆಂಕಿಯಿಂದ ದೂರವಿದ್ದು ಕೆಲಸ ಮಾಡತಕ್ಕದ್ದು. ಉಂಗುರ, ಬಳೆ, ಕೈಗಡಿಯಾರ ತೆಗೆದಿರಿಸಿ, ಕೈಗವಸು ಮತ್ತು ಕನ್ನಡಕ ಧರಿಸುವುದು.

- ಎಂಜಿನ್ ಮತ್ತು ಎಲ್ಲಾ ದೀಪಗಳನ್ನು ಆರಿಸುವುದು.
- ಮೊದಲು ಋಣ (–) ತಂತಿಯನ್ನು, ಅನಂತರ ಧನ (+) ತಂತಿಯನ್ನು ಕಳಚುವುದು. ಧನ ತಂತಿಯನ್ನು ಮೊದಲು ಕಳಚುವಾಗ ಸ್ಪ್ಯಾನರ್ ವಾಹನದ ಲೋಹದ ಭಾಗಕ್ಕೆ ತಗುಲಿದಲ್ಲಿ ಶಾರ್ಟ್ ಸರ್ಕ್ಯೂಟ್ ಉಂಟಾಗುತ್ತದೆ.
- ಹಿಡಿಕೆಯ ಪಟ್ಟಿಯನ್ನು ಬಿಚ್ಚಿ, ಬ್ಯಾಟರಿಯನ್ನು ಓರೆ ಮಾಡದೆ ಎತ್ತುವುದು.
- ಹೊಸ ಬ್ಯಾಟರಿಯನ್ನು ಕೂರಿಸಿ, ಪಟ್ಟಿಯನ್ನು ಬಿಗಿದು, ಮೊದಲು ಧನ ತಂತಿಯನ್ನು, ಕೊನೆಯಲ್ಲಿ ಋಣ ತಂತಿಯನ್ನು ಜೋಡಿಸುವುದು.

ಹೊಸ ಬ್ಯಾಟರಿಯ ಗಾತ್ರ, ಸಾಮರ್ಥ್ಯ ಮತ್ತು ಟರ್ಮಿನಲ್‌ಗಳ ಸ್ಥಾನವು ವಾಹನದ ಕೈಪಿಡಿಯಲ್ಲಿ ಸೂಚಿಸಿದಂತೆ ಇರತಕ್ಕದ್ದು. ಬಿಲ್ಲು ಮತ್ತು ದಿನಾಂಕ ನಮೂದಿಸಿದ ವಾರಂಟಿ ಚೀಟಿಯನ್ನು ತಪ್ಪದೇ ಪಡೆಯುವುದು.

ಆಮ್ಲವು ಮೈಗೆ ತಗುಲಿದಲ್ಲಿ ಕೂಡಲೇ ಧಾರಾಳ ನೀರಿನಿಂದ ತೊಳೆಯುವುದು. ಕಣ್ಣಿಗೆ ಬಿದ್ದಲ್ಲಿ ಕನಿಷ್ಠ 15 ನಿಮಿಷ ನೀರು ಹಾಯಿಸಿ, ತಡಮಾಡದೆ ವೈದ್ಯರ ಬಳಿಗೆ ಹೋಗುವುದು.

4. ಹಳೆಯ ಬ್ಯಾಟರಿಯ ವಿಲೇವಾರಿ

2001ರ ನಿಯಮಗಳ ಬದಲಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿರಿಸಿ, ಸಂಗ್ರಹಣೆ, ನವೀಕರಣ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ಒಪ್ಪಿಸುವುದು ಬಳಕೆದಾರರ ಹೊಣೆಯಾಗಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವುದು ಸುಲಭ ಮಾರ್ಗ. ಹೆಚ್ಚಿನ ಬೆಲೆಯ ಆಸೆಗೆ ಬೀದಿ ಗುಜರಿಗೆ ಕೊಟ್ಟ ಬ್ಯಾಟರಿಯನ್ನು ಬಯಲಿನಲ್ಲಿ ಒಡೆದು, ಆಮ್ಲವನ್ನು ಚರಂಡಿಗೆ ಸುರಿದು, ಸೀಸವನ್ನು ಕರಗಿಸಿದಲ್ಲಿ ಆ ವಿಷವು ಸುತ್ತಲಿನ ಮಣ್ಣು, ನೀರು ಮತ್ತು ಅಲ್ಲಿ ಆಡುವ ಮಕ್ಕಳ ರಕ್ತವನ್ನು ಸೇರುತ್ತದೆ.

5. ನೋಂದಣಿ ಪತ್ರಕ್ಕೆ ಸಂಬಂಧಿಸಿದಂತೆ

ತಯಾರಕರು ಸೂಚಿಸಿದ ಮಾದರಿಯ ಬ್ಯಾಟರಿಯನ್ನು ಅಳವಡಿಸುವುದು ವಾಹನದ ಮೂಲ ಸ್ವರೂಪದ ಬದಲಾವಣೆಯಲ್ಲ. ಆದ್ದರಿಂದ ಇದಕ್ಕಾಗಿ ಅರ್ಜಿ ಸಲ್ಲಿಸುವ ಅಗತ್ಯವಿರುವುದಿಲ್ಲ. ಆದರೆ ಪೆಟ್ರೋಲ್ ಅಥವಾ ಡೀಸೆಲ್ ವಾಹನವನ್ನು ವಿದ್ಯುತ್ ಚಾಲಿತವನ್ನಾಗಿ ಪರಿವರ್ತಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ವ್ಯಾಪ್ತಿಗೆ ಬರುವುದರಿಂದ, ಮುಂಚಿತವಾಗಿ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಲು ಕೋರಲಾಗಿದೆ.